ಮಸುಕಿನ ಲೆಕ್ಕ

ಜೇಡದ ಮುಖ ಒಂದೇ ಸಲಕ್ಕೆ ಕಾಣಿಸುವಂಥದ್ದಲ್ಲ. ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಮೊದಲು ಬಾಯಿಯ ಮುಂದಿನ ನಾಲ್ಕು ಬಿಳಿ ಕೂದಲು ಸಿಕ್ಕುತ್ತವೆ, ಉಳಿದದ್ದೆಲ್ಲ ಮಂಜು. ನಾಬನ್ನು ಒಂದಿಷ್ಟೇ ತಿರುಗಿಸಿದರೆ ಕೂದಲು ಕರಗಿ ದೊಡ್ಡ ಕಣ್ಣಿನ ಉಬ್ಬು ಬರುತ್ತದೆ. ಇನ್ನೊಂದಿಷ್ಟು ತಿರುಗಿಸಿ, ಉಬ್ಬು ಹೋಗಿ ಕಣ್ಣಿನ ಅಂಚು. ಅಂಚೂ ಹೋಗಿ ಪಕ್ಕದ ಚಿಕ್ಕ ಕಣ್ಣು. ಅದೂ ಹೋಗಿ ನೆತ್ತಿಯ ಹುರುಪೆ. ಹಿಂದಿನದು ಬರುವಾಗ ಮುಂದಿನದು ಇರುವುದಿಲ್ಲ. ಹೀಗೆ ಕಂತುಕಂತಾಗಿ ಕಾಣುವುದನ್ನು ಒಂದೊಂದೇ ಫೋಟೋ ತೆಗೆದು, ಪ್ರತಿಯೊಂದರಲ್ಲೂ ಸ್ಪಷ್ಟವಾಗಿರುವ ಚೂರನ್ನಷ್ಟೇ ಆರಿಸಿ ಒಂದು ಚಿತ್ರ ಮಾಡುವುದಕ್ಕೆ ಫೋಕಸ್ ಸ್ಟ್ಯಾಕಿಂಗ್ ಎನ್ನುತ್ತಾರೆ. ನಿವೃತ್ತಿಯಾದ ಮೇಲೆ ನನಗೆ ಅಂಟಿಕೊಂಡ ಚಟ ಅದು. ನನ್ನ ಓರಗೆಯವರು ಯೋಗಕ್ಕೆ ಹೋಗುತ್ತಾರೆ, ಭಜನಾ ಮಂಡಳಿಗೆ ಸೇರುತ್ತಾರೆ, ಅಮೆರಿಕದ ಮೊಮ್ಮಕ್ಕಳ ಜೊತೆ ಸಮಯ ಹೊಂದಿಸಿಕೊಂಡು ವಿಡಿಯೋ ಕಾಲ್ ಮಾಡುತ್ತಾರೆ. ನಾನು ಬಚ್ಚಲುಮನೆಯ ಕಿಟಕಿಯಲ್ಲಿ ಸತ್ತ ಜೇಡ ಬಿದ್ದಿದೆಯೇ ಎಂದು ಹುಡುಕುತ್ತೇನೆ.

ನನ್ನ ಮೈಕ್ರೋಸ್ಕೋಪು ಹರಿಯಾಣದ ಅಂಬಾಲದ್ದು. ನಮ್ಮ ದೇಶದ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿರುವ ಮೈಕ್ರೋಸ್ಕೋಪುಗಳ ದೊಡ್ಡ ಪಾಲು ಆ ಊರಿನಿಂದಲೇ ಬರುವುದು. ಐಪೀಸು ತೆಗೆದು ಆ ಜಾಗದಲ್ಲಿ ಕ್ಯಾಮೆರಾ ಕೂರಿಸಿದ್ದೇನೆ. ಉಳ್ಳವರು ಮಿಟುಟೊಯೊ ಕಂಪನಿಯ ಆಬ್ಜೆಕ್ಟಿವ್, ಅಂದರೆ ಜೇಡದ ಕಡೆಗಿರುವ ಮಸೂರ, ಕೊಳ್ಳುತ್ತಾರೆ. ಅದರಲ್ಲಿ 10 ಪಟ್ಟು ಹಿಗ್ಗಿಸುವಂಥದ್ದು ಜೇಡದಿಂದ ಮೂರು ಸೆಂಟಿಮೀಟರಿಗೂ ಹೆಚ್ಚು ದೂರ ನಿಂತು ನೋಡುತ್ತದಂತೆ. ನನ್ನದು ಜೇಡದ ಮೂಗಿಗೆ ಮೂಗು ತಾಗಿಸಿ ನಿಲ್ಲುತ್ತದೆ, ನಡುವೆ ಬೆಳಕು ತೂರಿಸಲಿಕ್ಕೂ ಜಾಗ ಸಾಲದು. ಆದರೂ ನನ್ನ ಮೈಕ್ರೋಸ್ಕೋಪಿನ ಒಂದು ಗುಣ ನನಗೆ ಇಷ್ಟ. ಫೈನ್ ಫೋಕಸ್ ನಾಬಿನ ಸುತ್ತ ಗೆರೆ ಕೊರೆದಿದ್ದಾರೆ, ಒಂದೊಂದು ಗೆರೆಗೆ ಎರಡು ಮೈಕ್ರಾನ್. ಮೋಟಾರಿನಿಂದ ಕ್ಯಾಮೆರಾ ಸರಿಸುವ ಹಳಿ ಬೇಕಿಲ್ಲ, ಬೆರಳು ಸಾಕು. ಮೂರು ಗೆರೆ, ಒಂದು ಕ್ಲಿಕ್ಕು. ಮೂರು ಗೆರೆ, ಒಂದು ಕ್ಲಿಕ್ಕು. ಇದರ ಮುಂದೆ ಕೂತ ಮೇಲೆ ಜಪಸರದ ಬಗ್ಗೆ ನನಗಿದ್ದ ಗೌರವ ಹೆಚ್ಚಾಯಿತು.

ಎರಡು ಮೈಕ್ರಾನಿನ ಜಿಪುಣತನ ಯಾಕೆ ಎಂದರೆ, ಮೈಕ್ರೋಸ್ಕೋಪಿನ ದೃಷ್ಟಿಗೆ ಆಳವೇ ಇಲ್ಲ. 10 ಪಟ್ಟು ಹಿಗ್ಗಿಸುವ ನನ್ನ ಆಬ್ಜೆಕ್ಟಿವ್ ಮೇಲೆ 0.25 ಎಂದು ಕೆತ್ತಿದೆ. ಎಷ್ಟು ಅಗಲದ ಕೋನದಿಂದ ಅದು ಬೆಳಕನ್ನು ಬಾಚಿಕೊಳ್ಳುತ್ತದೆ ಎಂಬುದರ ಅಳತೆ ಅದು. ಕೋನ ಅಗಲವಾದಷ್ಟೂ ಸೂಕ್ಷ್ಮ ವಿವರ ಸಿಗುತ್ತದೆಂದು ಜರ್ಮನಿಯ ಯೇನಾದಲ್ಲಿ ಕೂತು ಅರ್ನ್ಸ್ಟ್ ಅಬ್ಬೆ 1873ರಲ್ಲೇ ತೋರಿಸಿಕೊಟ್ಟ. ಆದರೆ ಆ ವರ ಬಿಟ್ಟಿ ಬರುವುದಿಲ್ಲ. ಆ ಸಂಖ್ಯೆ ಇಮ್ಮಡಿಯಾದರೆ ವಿವರ ಇಮ್ಮಡಿಯಾಗುತ್ತದೆ, ಆಳ ಮಾತ್ರ ಕಾಲುಭಾಗಕ್ಕೆ ಇಳಿಯುತ್ತದೆ. 0.25ರಲ್ಲಿ ಒಮ್ಮೆಗೆ ಸ್ಪಷ್ಟವಾಗಿ ಕಾಣುವ ಪದರ ಸುಮಾರು 9 ಮೈಕ್ರಾನ್ ದಪ್ಪ. ನಮ್ಮ ತಲೆಕೂದಲೇ 50ರಿಂದ 100 ಮೈಕ್ರಾನ್ ದಪ್ಪವಿರುತ್ತದೆ. ಅಂದಮೇಲೆ ಒಂದು ಕೂದಲನ್ನೂ ಅದು ಪೂರ್ತಿ ನೋಡಲಾರದು. ಸಾಧಾರಣ ಕ್ಯಾಮೆರಾದಲ್ಲಾದರೆ ಕಿಂಡಿ ಕಿರಿದು ಮಾಡಿ ಆಳ ಹೆಚ್ಚಿಸಿಕೊಳ್ಳಬಹುದು. ಇಲ್ಲಿ ಕಿಂಡಿ ಕಿರಿದು ಮಾಡಿದರೆ ಬೆಳಕೇ ಹರಡಿಕೊಂಡು, ಯಾವ ವಿವರಕ್ಕಾಗಿ ಇಷ್ಟೆಲ್ಲ ಒದ್ದಾಡಿದೆವೋ ಅದೇ ಕದಡಿಹೋಗುತ್ತದೆ. ಆದ್ದರಿಂದ ಎರಡು ಮಿಲಿಮೀಟರ್ ಆಳದ ಒಂದು ಮುಖಕ್ಕೆ ಮುನ್ನೂರಕ್ಕೂ ಹೆಚ್ಚು ಫೋಟೋ.

ಮುನ್ನೂರು ಫೋಟೋ ತೆಗೆಯುವಷ್ಟು ಹೊತ್ತು ಮನೆ ಅಲುಗಾಡಬಾರದು. ಮನೆ ಅಲುಗಾಡುತ್ತಲೇ ಇರುತ್ತದೆ ಎಂಬುದು ಈ ಚಟ ಹತ್ತುವವರೆಗೆ ನನಗೆ ತಿಳಿದಿರಲಿಲ್ಲ. ಮೈಸೂರಿನ ನಮ್ಮ ರಸ್ತೆಯಲ್ಲಿ ಸಿಟಿ ಬಸ್ಸು ತಿರುವಿಗೆ ಬಂದರೆ ಜೇಡ ಪರದೆಯ ಮೇಲೆ ಕುಣಿಯುತ್ತದೆ. ಪಕ್ಕದ ಮನೆಯ ಮಿಕ್ಸಿ ಕುಣಿಸುತ್ತದೆ. ನಮ್ಮದೇ ಫ್ಯಾನು ಕುಣಿಸುವುದಲ್ಲದೆ ಜೇಡವನ್ನು ಊದಿಯೂ ಬಿಡುತ್ತದೆ. ಹಾಗಾಗಿ ಏಪ್ರಿಲ್ ತಿಂಗಳ ರಾತ್ರಿ ಹನ್ನೊಂದಕ್ಕೆ ಫ್ಯಾನು ಆರಿಸಿ, ಓಡಾಡುವವರನ್ನೆಲ್ಲ ಮಂಚದ ಮೇಲೆ ಕೂರಿಸಿ ನಾನು ಕೆಲಸ ಶುರುಮಾಡುತ್ತೇನೆ. ಫ್ಲ್ಯಾಶ್ ಬಳಸಿದರೆ ಅದರ ಕ್ಷಣದ ಬೆಳಕು ಸಣ್ಣ ನಡುಕವನ್ನು ನುಂಗಿಕೊಳ್ಳುತ್ತದೆ. ಆದರೆ ಫ್ಲ್ಯಾಶಿನ ಬೆಳಕು ನೇರ ಬಿದ್ದರೆ ಜೇಡದ ಕಣ್ಣಲ್ಲಿ ಫ್ಲ್ಯಾಶ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಅದಕ್ಕೆ ಪಿಂಗ್‌ಪಾಂಗ್ ಚೆಂಡನ್ನು ಅರ್ಧ ಕೊಯ್ದು, ನಡುವೆ ತೂತು ಮಾಡಿ, ಆಬ್ಜೆಕ್ಟಿವ್ ಮೂತಿಗೆ ಟೋಪಿಯಾಗಿ ಹಾಕಿದ್ದೇನೆ. ಜೇಡದ ಮಟ್ಟಿಗೆ ಅದು ಮೋಡ ಮುಚ್ಚಿದ ಆಕಾಶ. ಈ ಹವ್ಯಾಸದಲ್ಲಿ ದುಡ್ಡು ಸುರಿದವರೂ ಕೊನೆಗೆ ಬೆಳಕಿಗಾಗಿ ಮೊರೆಹೋಗುವುದು ಥರ್ಮಾಕೋಲ್ ಲೋಟಕ್ಕೆ, ಟ್ರೇಸಿಂಗ್ ಹಾಳೆಗೆ, ಇಂಥ ಚೆಂಡಿಗೆ. ಅದರಲ್ಲೊಂದು ಸಮಾನತೆಯ ಸಮಾಧಾನ ಇದೆ.

ಜೇಡಗಳಲ್ಲಿ ನನ್ನ ಪಕ್ಷಪಾತ ಜಿಗಿಯುವ ಜೇಡದ ಕಡೆಗೆ. ಗೋಡೆಯ ಮೇಲೆ ತಡೆದು ತಡೆದು ನಡೆದು, ನೀವು ಬೆರಳು ತಂದರೆ ಓಡದೆ ತಿರುಗಿ ನಿಮ್ಮನ್ನೇ ದಿಟ್ಟಿಸುತ್ತದಲ್ಲ, ಅದು. ಜೇಡಗಳ ಕುಟುಂಬಗಳಲ್ಲಿ ಇವುಗಳದ್ದೇ ದೊಡ್ಡದು, ಆರು ಸಾವಿರಕ್ಕೂ ಹೆಚ್ಚು ಜಾತಿ. ಬೇಟೆಗೆ ಬಲೆ ಕಟ್ಟುವುದಿಲ್ಲ. ನೋಡಿ, ಹೊಂಚಿ, ಜಿಗಿದು ಹಿಡಿಯುತ್ತವೆ. ಯುಗಾದಿಗೆ ಮುಂಚೆ ನಮ್ಮ ಮನೆಗಳಲ್ಲಿ ಜೇಡ ಹೊಡೆಯುವ ಉದ್ದ ಕೋಲಿಗೂ ಇವಕ್ಕೂ ಸಂಬಂಧವೇ ಇಲ್ಲ. ಈ ಮಾತು ನಮ್ಮ ಅತ್ತೆಗೆ ಒಪ್ಪಿಗೆಯಾಗಿಲ್ಲ. "ಮೈಮೇಲೆ ಹರಿದರೆ ಗುಳ್ಳೆ ಏಳತ್ತೆ, ಎಲ್ಲಾ ಜೇಡಾನೂ ಒಂದೇ" ಎನ್ನುತ್ತಾರೆ. ಮೈಮೇಲೆ ಎಷ್ಟೋ ಸಲ ಹರಿಸಿಕೊಂಡು ತೋರಿಸಿದ್ದೇನೆ. ಗುಳ್ಳೆ ಏಳಲಿಲ್ಲ. "ನಿನಗೆ ಏಳಲ್ಲ ಬಿಡು" ಎಂದರು. ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ.

ಈ ಜೇಡಕ್ಕೆ ಎಂಟು ಕಣ್ಣು. ಆರು ಕಣ್ಣು ಸುತ್ತಮುತ್ತಲ ಅಲುಗಾಟವನ್ನು ಹಿಡಿಯುವ ಕಾವಲುಗಾರರು. ಮುಂದಿನ ನಡುವಿನ ಎರಡು ದೊಡ್ಡ ಕಣ್ಣು ಮಾತ್ರ ನೋಡುವುದಕ್ಕೆಂದೇ ಇರುವಂಥವು. ಅವುಗಳ ಮಸೂರ ತಲೆಯ ಚಿಪ್ಪಿಗೇ ಅಂಟಿಕೊಂಡಿರುವುದರಿಂದ ನಮ್ಮ ಹಾಗೆ ಗುಡ್ಡೆ ಹೊರಳಿಸಲಾಗದು. ಬದಲಿಗೆ ಮಸೂರದ ಹಿಂದೆ ಉದ್ದನೆಯ ಕೊಳವೆ ಇದೆ, ಕೊಳವೆಯ ಕೊನೆಗೆ ರೆಟಿನಾ. ಒಂದೊಂದು ಕೊಳವೆಗೆ ಆರು ಸ್ನಾಯು. ಜೇಡ ತಲೆ ಅಲುಗಿಸದೆ, ಒಳಗೊಳಗೇ ಕೊಳವೆ ಆಡಿಸಿ ನಮ್ಮನ್ನು ಮೇಲಿಂದ ಕೆಳಗೆ ನೋಡಿ ಮುಗಿಸುತ್ತದೆ. ಇದನ್ನೆಲ್ಲ ಮೈಕಲ್ ಲ್ಯಾಂಡ್ ಎಂಬ ವಿಜ್ಞಾನಿ 1969ರಲ್ಲಿ ಬಿಡಿಸಿಟ್ಟರು. ಸ್ಟ್ಯಾಕಿಂಗ್ ಮಾಡುವವರಿಗೆ ಇದರಿಂದ ವಿಚಿತ್ರ ತಾಪತ್ರಯ. ಬದುಕಿರುವ ಜೇಡ ಕಲ್ಲಿನ ಹಾಗೆ ಕೂತಿದೆ ಎಂದು ನಂಬಿ ನಾಬು ತಿರುಗಿಸುತ್ತಾ ಹೋಗುತ್ತೇನೆ. ಆಮೇಲೆ ನೋಡಿದರೆ ಕೆಲವು ಚಿತ್ರಗಳಲ್ಲಿ ಕಣ್ಣು ಕಪ್ಪು, ಕೆಲವು ಚಿತ್ರಗಳಲ್ಲಿ ಜೇನುಬಣ್ಣ. ಕಪ್ಪಿದ್ದಾಗ ಕೊಳವೆ ನನ್ನ ಕಡೆಗಿತ್ತು, ಜೇನುಬಣ್ಣವಿದ್ದಾಗ ಬೇರೆ ಕಡೆಗೆ. ಕೂಡಿಸಿದ ಚಿತ್ರದಲ್ಲಿ ಅದು ನನ್ನನ್ನು ನೋಡುತ್ತಲೂ ಇದೆ, ನೋಡದೆಯೂ ಇದೆ.

ಆದ್ದರಿಂದ ಬಹಳ ಮಂದಿ ಸತ್ತ ಜೇಡವನ್ನೇ ಹಿಡಿಯುತ್ತಾರೆ. ಫೋಟೋಗಾಗಿಯೇ ಸಾಯಿಸುವವರೂ ಇದ್ದಾರೆ. ನನಗೆ ಅದು ಆಗುವುದಿಲ್ಲ. ಅಹಿಂಸೆಯ ಮಾತು ಆಮೇಲೆ, ಮೊದಲಿಗೆ ಸತ್ತ ಜೇಡ ಚೆನ್ನಾಗಿ ಕಾಣುವುದಿಲ್ಲ. ಜೇಡದ ಕಾಲಿನ ಎರಡು ಮುಖ್ಯ ಗಂಟುಗಳಲ್ಲಿ ಮಡಚುವ ಸ್ನಾಯು ಇದೆ, ಚಾಚುವ ಸ್ನಾಯು ಇಲ್ಲ. ಚಾಚುವುದು ರಕ್ತದ ಒತ್ತಡದಿಂದ. ಜೆಸಿಬಿಯ ಕೈ ಎತ್ತುವ ಹೈಡ್ರಾಲಿಕ್ ವಿದ್ಯೆಯೇ. ಹಿಂಗಾಲಿಗೆ ಒಮ್ಮೆಲೇ ಒತ್ತಡ ಹಾಯಿಸಿದರೆ ಅದು ಜಿಗಿತ. ಜೀವ ಹೋದರೆ ಒತ್ತಡ ಹೋಯಿತು, ಎಂಟೂ ಕಾಲು ಹೊಟ್ಟೆಯಡಿಗೆ ಮಡಚಿಕೊಂಡವು. ಕಣ್ಣುಗಳೂ ಬೇಗ ಮಂಕಾಗುತ್ತವೆ. ಸೂಜಿಯಲ್ಲಿ ಎಬ್ಬಿಸಿ, ಅಂಟು ಹಚ್ಚಿ ನಿಲ್ಲಿಸಿದರೆ ಯಾರಿಗೂ ಮೋಸವಾಗದು.

ಇದಕ್ಕೊಂದು ಹಳೆಯ ಉಪಾಯವಿದೆ. 1665ರಲ್ಲಿ 'ಮೈಕ್ರೋಗ್ರಾಫಿಯಾ' ಅಚ್ಚು ಹಾಕಿಸಿದ ಇಂಗ್ಲೆಂಡಿನ ರಾಬರ್ಟ್ ಹುಕ್‌ಗೆ ಇರುವೆಯ ಚಿತ್ರ ಬರೆಯಬೇಕಿತ್ತು. ಅಂಟು ಹಾಕಿದರೆ ಒದ್ದಾಡುತ್ತದೆ, ಕೊಂದರೆ ಮುದುಡುತ್ತದೆ. ಕೊನೆಗೆ ಅದಕ್ಕೆ ಬ್ರಾಂದಿ ಕುಡಿಸಿದ. ಅಮಲು ಇಳಿಯುವವರೆಗೆ ಬರೆದುಕೊಂಡ. ಇಳಿದ ಮೇಲೆ ಇರುವೆ ಎದ್ದು ಓಡಿತು. ಆ ಪುಸ್ತಕದಲ್ಲಿ ಬೇಟೆಯಾಡುವ ಜೇಡದ ಬಗೆಗೂ ಒಂದು ಅಧ್ಯಾಯವಿದೆ. ಇಟಲಿಯಲ್ಲಿ ಗೆಳೆಯ ಜಾನ್ ಎವೆಲಿನ್ ಕಂಡದ್ದನ್ನು ಹುಕ್ ಅಲ್ಲಿ ಸೇರಿಸಿದ್ದಾನೆ. ಆದರೆ ಹುಕ್ ಬಗ್ಗೆ ನನಗೆ ಮುಖ್ಯವೆನಿಸುವುದು ಬೇರೆ. ಒಂದು ವಸ್ತುವನ್ನು ಹಲವು ಬೆಳಕಿನಲ್ಲಿ, ಹಲವು ಭಂಗಿಯಲ್ಲಿ ಮತ್ತೆ ಮತ್ತೆ ನೋಡಿ ಅದರ ನಿಜ ರೂಪ ತಿಳಿಯುವವರೆಗೆ ತಾನು ಚಿತ್ರ ಬರೆಯಲು ತೊಡಗುತ್ತಿರಲಿಲ್ಲ ಎಂದು ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಅವನ ಮಸೂರದಲ್ಲೂ ಒಮ್ಮೆಗೆ ಒಂದು ಪದರವೇ ಸಿಕ್ಕಿರಬೇಕು. ಪದರಗಳನ್ನು ಮನಸ್ಸಿನಲ್ಲಿ ಪೇರಿಸಿಕೊಂಡು ಪೂರ್ತಿ ಪ್ರಾಣಿಯನ್ನು ಕಾಗದಕ್ಕೆ ಇಳಿಸಿದ. ಮೊದಲ ಸ್ಟ್ಯಾಕಿಂಗ್ ಸಾಫ್ಟ್‌ವೇರ್ ಹುಕ್‌ನ ತಲೆಯೇ.

ನಮ್ಮ ಮನೆಯಲ್ಲಿ ಬ್ರಾಂದಿ ನಡೆಯುವುದಿಲ್ಲ, ಫ್ರಿಜ್ಜು ನಡೆಯುತ್ತದೆ, ಅಥವಾ ನಡೆಯುತ್ತಿತ್ತು. ತಂಪಿಗೆ ಜೇಡ ಸ್ವಲ್ಪ ಹೊತ್ತು ಮಂದವಾಗುತ್ತದೆ. ಸಣ್ಣ ಡಬ್ಬಿಯಲ್ಲಿ ಹಾಕಿ ದೋಸೆಹಿಟ್ಟಿನ ಪಾತ್ರೆಯ ಪಕ್ಕ ಇಟ್ಟಿದ್ದನ್ನು ಅತ್ತೆ ಲವಂಗವೆಂದು ಮುಚ್ಚಳ ತೆಗೆದರು. ಆಮೇಲಿನ ಮಾತುಕತೆ ಇಲ್ಲಿ ಬೇಡ. ಒಟ್ಟಿನಲ್ಲಿ ನಾನು ಪೊರೆಗೆ ಬಂದು ನಿಂತೆ. ಜೇಡ ಬೆಳೆಯುವಾಗ ಹಳೆಯ ಚರ್ಮ ಕಳಚುತ್ತದೆ. ಜಿಗಿಯುವ ಜೇಡಗಳು ಕ್ಯಾಲೆಂಡರಿನ ಹಿಂದೆ, ಫೋಟೋ ಚೌಕಟ್ಟಿನ ಹಿಂದೆ ರೇಷ್ಮೆಯ ಚೀಲ ಹೆಣೆದು ಅದರೊಳಗೆ ಕಳಚುತ್ತವೆ. ತಲೆಯ ಚಿಪ್ಪು ಡಬ್ಬಿಯ ಮುಚ್ಚಳದ ಹಾಗೆ ತೆರೆದುಕೊಂಡು ಬೇರೆಯಾಗುತ್ತದೆ, ಕಣ್ಣಿನ ಮಸೂರಗಳ ಸಮೇತ. ಆ ಖಾಲಿ ಚಿಪ್ಪನ್ನು ಹಿಂದಿನಿಂದ ಬೆಳಗಿಸಿದರೆ ಎಂಟು ಕಿಟಕಿ. ಯಾರಿಗೂ ನೋವಿಲ್ಲ, ಅದು ಓಡುವುದಿಲ್ಲ, ದೋಸೆಹಿಟ್ಟಿಗೂ ಸಂಬಂಧವಿಲ್ಲ.

ತೆಗೆದ ಮುನ್ನೂರನ್ನು ಸಾಫ್ಟ್‌ವೇರಿಗೆ ಕೊಡಬೇಕು. ಜೆರೀನ್, ಹೆಲಿಕಾನ್ ಇವು ಹೆಸರಾದವು. ದಿನಾ ಕಾಯಿಸಿದ ಹಾಲಿನ ಕೆನೆ ಮಾತ್ರ ಎತ್ತಿಟ್ಟು ಕೊನೆಗೊಂದು ದಿನ ಬೆಣ್ಣೆ ತೆಗೆಯುತ್ತೇವಲ್ಲ, ಅದೇ ಕೆಲಸ ಅವು ಮಾಡುವುದು. ಯಾವುದು ಕೆನೆ ಎಂದು ಗೊತ್ತಾಗುವುದು ಪಕ್ಕಪಕ್ಕದ ಚುಕ್ಕೆಗಳ ನಡುವಿನ ವ್ಯತ್ಯಾಸದಿಂದ: ಸ್ಪಷ್ಟವಾದ ಕಡೆ ಕಪ್ಪು ಬಿಳುಪಿನ ಪಕ್ಕ ಥಟ್ಟನೆ ನಿಲ್ಲುತ್ತದೆ, ಮಸುಕಿನಲ್ಲಿ ಮೆಲ್ಲಗೆ ಜಾರುತ್ತದೆ. ಒಂದು ವಿಧಾನ ಪ್ರತಿ ಜಾಗಕ್ಕೂ ಆಳದ ನಕ್ಷೆ ಬರೆದುಕೊಂಡು, ಈ ಜಾಗಕ್ಕೆ ಈ ಚಿತ್ರ ಎಂದು ತೀರ್ಮಾನಿಸುತ್ತದೆ. ಬಣ್ಣ, ಹೊಳಪು ಅದರಲ್ಲಿ ಚೆನ್ನಾಗಿ ಉಳಿಯುತ್ತವೆ. ಆದರೆ ಕೂದಲ ಮುಂದೆ ಕೂದಲು ಹಾಯ್ದರೆ ಅದು ತಬ್ಬಿಬ್ಬು, ಯಾಕೆಂದರೆ ಅಲ್ಲಿ ಒಂದೇ ಜಾಗಕ್ಕೆ ಎರಡು ಆಳ. ಇನ್ನೊಂದು ವಿಧಾನ ಪ್ರತಿ ಚಿತ್ರವನ್ನೂ ಸೂಕ್ಷ್ಮ ವಿವರ, ಅದಕ್ಕಿಂತ ಒರಟು, ಅದಕ್ಕಿಂತ ಒರಟು ಎಂದು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿ, ಮೆಟ್ಟಿಲಿಗೊಂದರಂತೆ ಆರಿಸಿ ಮತ್ತೆ ಕಟ್ಟುತ್ತದೆ. ಬರ್ಟ್ ಮತ್ತು ಅಡೆಲ್ಸನ್ 1983ರಲ್ಲಿ ಪ್ರಕಟಿಸಿದ ಪಿರಮಿಡ್ಡಿನ ಗಣಿತ ಇದರ ಬೇರು. ಕೂದಲುಗಳು ಇದಕ್ಕೆ ಲೆಕ್ಕಕ್ಕಿಲ್ಲ, ಆದರೆ ಕ್ಯಾಮೆರಾದ ಕಾಳುಕಾಳು ಗದ್ದಲವನ್ನೂ ವಿವರವೆಂದೇ ನಂಬಿ ಪೇರಿಸಿಕೊಳ್ಳುತ್ತದೆ. ಜೇಡವೆಂದರೆ ಮೈತುಂಬ ಕೂದಲು. ಹಾಗಾಗಿ ಎರಡನ್ನೂ ಮಾಡಿ, ಇದರ ಕೂದಲನ್ನು ಅದರ ಕಣ್ಣಿನ ಪಕ್ಕ ಕೈಯಾರೆ ಹೊಲಿಯಬೇಕು. ಫೋಟೋ ತೆಗೆಯುವುದು ಒಂದು ರಾತ್ರಿಯಾದರೆ ಹೊಲಿಯುವುದು ಒಂದು ವಾರ.

ಇದೆಲ್ಲ ಬರೀ ಶೋಕಿಗಲ್ಲ ಎಂದು ಹೇಳಿಕೊಳ್ಳಲು ನನಗೆ ಒಂದು ನೆಪವಿದೆ. ಬಹುಪಾಲು ಜೇಡಗಳ ಜಾತಿಯನ್ನು ಖಚಿತವಾಗಿ ಹೇಳಬೇಕಾದರೆ ಜನನಾಂಗವನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಹೆಣ್ಣಿನ ಅಂಗವನ್ನು ಪಾರದರ್ಶಕ ಮಾಡಲು ತಜ್ಞರು ಬಳಸುವ ವಸ್ತುಗಳಲ್ಲಿ ಲವಂಗದ ಎಣ್ಣೆಯೂ ಒಂದು. (ಅತ್ತೆ ತೀರಾ ತಪ್ಪು ಹೇಳಿರಲಿಲ್ಲ.) ಹಿಂದೆ ಕೈಚಿತ್ರವೊಂದೇ ದಾರಿಯಾಗಿತ್ತು; ಈಗ ಹೊಸ ಜಾತಿಯ ಪ್ರಬಂಧಗಳಲ್ಲಿ ಕೈಚಿತ್ರದ ಪಕ್ಕದಲ್ಲಿ ಪೇರಿಸಿದ ಫೋಟೋಗಳೂ ಇರುತ್ತವೆ. ಜಗತ್ತಿನ ಜೇಡಗಳ ಪಟ್ಟಿ 2022ರಲ್ಲಿ 50,000 ಜಾತಿ ದಾಟಿತು. ಐವತ್ತು ಸಾವಿರನೆಯದು ದಕ್ಷಿಣ ಅಮೆರಿಕದ ಒಂದು ಜಿಗಿಯುವ ಜೇಡ. ನಮ್ಮ ಪಶ್ಚಿಮ ಘಟ್ಟದ ಕಾನುಗಳಲ್ಲಿ ಸಿಕ್ಕಿ 2016ರಲ್ಲಿ ಹೆಸರು ಪಡೆದ ಒಂದು ಪುಟ್ಟ ಜೇಡ ಒಣಗಿದ ಎಲೆಯ ಹಾಗಿದೆ, ಹ್ಯಾರಿ ಪಾಟರ್ ಕತೆಯ ಚೂಪು ಟೋಪಿಯ ಹಾಗೂ ಇದೆ. ಅದಕ್ಕೇ ಅದರ ಹೆಸರು ಎರಿಯೋವಿಕ್ಸಿಯ ಗ್ರಿಫಿಂಡೋರಿ. ಇಂಥದ್ದೊಂದು ನಮ್ಮ ಬಚ್ಚಲ ಕಿಟಕಿಯಲ್ಲಿ ಸಿಗುವುದಿಲ್ಲ ಎಂದು ಗೊತ್ತಿದ್ದೂ ಹುಡುಕುತ್ತೇನೆ.

ನಮ್ಮ ಯಜಮಾನರು ಲೆಕ್ಕಪರಿಶೋಧನೆಯ ಕೆಲಸದಲ್ಲಿದ್ದು ನಿವೃತ್ತರಾದವರು. ಹಾರ್ಡ್‌ಡಿಸ್ಕ್ ತುಂಬಿತೆಂದು ಇನ್ನೊಂದು ಕೊಳ್ಳಲು ಹೊರಟಾಗ ತಡೆದು ಕೂರಿಸಿ ಕೇಳಿದರು: "ಒಂದು ಮುಖಕ್ಕೆ ಮುನ್ನೂರು ಫೋಟೋ. ಒಂದೊಂದರಲ್ಲೂ ನೀನು ಇಟ್ಟುಕೊಳ್ಳೋದು ಒಂದು ಗೆರೆಯಷ್ಟು. ಮಿಕ್ಕಿದ್ದೆಲ್ಲ ಮಸುಕು ಅಂತ ಎಸೀತೀಯ. ಸಾಮಾನಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಎಸೆಯೋ ಕಾರ್ಖಾನೆ ಎಲ್ಲಾದರೂ ಉಂಟಾ?" ಚಿನ್ನದ ಗಣಿಯ ಹೆಸರು ಹೇಳಿ ಆ ಹೊತ್ತಿಗೆ ಪಾರಾದೆ. ಆದರೆ ಮಸುಕನ್ನು ಎಸೆಯದೆ ಇಟ್ಟುಕೊಂಡವರು ಯಾರಾದರೂ ಇದ್ದಾರೆಯೇ ಎಂಬ ಪ್ರಶ್ನೆ ಉಳಿಯಿತು. ಇದ್ದಾರೆ, ಅದೂ ಆ ಮುನ್ನೂರು ಫೋಟೋದಲ್ಲಿ ಕೂತಿದ್ದವರೇ.

ನಮ್ಮ ಮನೆಗಳಲ್ಲೂ ಇರುವ ಹಸಾರಿಯಸ್ ಅಡನ್ಸೋನಿ ಎಂಬ ಜಿಗಿಯುವ ಜೇಡವಿದೆ. ಗಂಡಿಗೆ ಕೆಂಪು ಮುಖವಾಡ, ಕಪ್ಪು ಮೈಮೇಲೆ ಬಿಳಿಯ ಬಾಗುಪಟ್ಟೆ. ಜಪಾನಿನ ಒಸಾಕ ಸಿಟಿ ವಿಶ್ವವಿದ್ಯಾಲಯದ ನಗಾಟ ಮತ್ತು ಸಂಗಡಿಗರು ಇದರ ಮೇಲೆ ಮಾಡಿದ ಪ್ರಯೋಗ 2012ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಜಿಗಿಯುವ ಜೇಡಕ್ಕೆ ದೂರ ಹೇಗೆ ತಿಳಿಯುತ್ತದೆ ಎಂಬುದು ಅವರ ಪ್ರಶ್ನೆ. ನಮಗಾದರೆ ಎರಡು ಕಣ್ಣಿನ ಎರಡು ನೋಟ ಸೇರಿ ಆಳ ತಿಳಿಯುತ್ತದೆ. ಅದರ ದೊಡ್ಡ ಕಣ್ಣುಗಳ ನೋಟ ಹಾಗೆ ಒಂದರ ಮೇಲೊಂದು ಕೂರುವುದಿಲ್ಲ. ಉತ್ತರ ರೆಟಿನಾದಲ್ಲಿತ್ತು. ಅದು ನಾಲ್ಕು ಪದರದ್ದು. ಅದರಲ್ಲಿ ಅತ್ಯಂತ ಒಳಗಿನ ಎರಡೂ ಹಸಿರು ಬೆಳಕಿಗೆ ಓಗೊಡುತ್ತವೆ, ಆದರೆ ಹಸಿರು ಬೆಳಕು ನೇರ್ಪಟ್ಟು ಸ್ಪಷ್ಟ ಚಿತ್ರವಾಗುವುದು ಒಂದನೆಯದರ ಮೇಲೆ ಮಾತ್ರ. ಎರಡನೆಯದಕ್ಕೆ ಸದಾ ಮಸುಕು ಚಿತ್ರ. ಬೇಟೆ ಹತ್ತಿರವಿದ್ದಷ್ಟೂ ಆ ಮಸುಕು ಹೆಚ್ಚು. ಸ್ಪಷ್ಟವಾದ್ದನ್ನೂ ಮಸುಕಾದ್ದನ್ನೂ ಹೋಲಿಸಿ ಜೇಡ ದೂರ ಅಳೆಯುತ್ತದೆ. ಇದು ನಿಜವೇ ಎಂದು ತಿಳಿಯಲು ಅವರು ಮಿಕ್ಕ ಕಣ್ಣುಗಳಿಗೆ ಬಣ್ಣ ಬಳಿದು ಮುಚ್ಚಿ, ದೊಡ್ಡ ಕಣ್ಣು ಮಾತ್ರ ಬಿಟ್ಟು, ಬೇಟೆ ತೋರಿಸಿದರು. ಹಸಿರು ಬೆಳಕಿನಲ್ಲಿ ಗುರಿ ತಪ್ಪಲಿಲ್ಲ. ಕೆಂಪು ಬೆಳಕಿನಲ್ಲಿ ಜಿಗಿತ ಗುರಿಗಿಂತ ಮುಂಚೆಯೇ ಬಿತ್ತು. ಕೆಂಪು ಬೆಳಕು ಮಸೂರದಿಂದ ಇನ್ನೂ ಹಿಂದಕ್ಕೆ ಹೋಗಿ ನೇರ್ಪಡುವುದರಿಂದ ಮಸುಕು ಹೆಚ್ಚಾಗಿ, ಜೇಡಕ್ಕೆ ಬೇಟೆ ಇರುವುದಕ್ಕಿಂತ ಹತ್ತಿರ ಕಂಡಿತ್ತು.

ಇದನ್ನು ಓದಿದ ಮೇಲೆ ನನ್ನ ಫೋಟೋಗಳನ್ನು ನೋಡುವ ರೀತಿ ಬದಲಾಯಿತು. ಎರಡು ಪದರ ಇಟ್ಟುಕೊಂಡು, ಒಂದರ ಮಸುಕನ್ನು ಕಾಸಿಗೆ ಕಾಸು ಬಳಸಿಕೊಂಡು ಜೇಡ ಜಿಗಿಯುತ್ತದೆ. ನಾನು ಮುನ್ನೂರು ಪದರ ತೆಗೆದು, ಮಸುಕನ್ನೆಲ್ಲ ಉಜ್ಜಿ ತೊಳೆದು, ಕೊನೆಗೆ ಆಳವೇ ಇಲ್ಲದ ಒಂದು ಚಪ್ಪಟೆ ಚಿತ್ರ ಮಾಡುತ್ತೇನೆ. ಕೂದಲ ತುದಿಯಿಂದ ಹಿಂಗಾಲಿನವರೆಗೆ ಎಲ್ಲವೂ ಹರಿತವಾದ ಆ ಚಿತ್ರವನ್ನು ಯಾವ ಕಣ್ಣೂ ಯಾವತ್ತೂ ಕಂಡದ್ದಲ್ಲ. ಜನ ನೋಡಿ "ಕಂಪ್ಯೂಟರಿನಲ್ಲಿ ಮಾಡಿದ್ದಾ?" ಎಂದರೆ ಮೊದಲು ಕೋಪ ಬರುತ್ತಿತ್ತು, ಈಗ ಅವರ ಕಣ್ಣು ಏನೋ ಕೊರತೆ ಹಿಡಿದಿದೆ ಅನ್ನಿಸುತ್ತದೆ. ಬ್ರಿಟನ್ನಿನ ಲೆವನ್ ಬಿಸ್ ಆಕ್ಸ್‌ಫರ್ಡ್ ಮ್ಯೂಸಿಯಮ್ಮಿನ ಕೀಟಗಳನ್ನು ಒಂದೊಂದಕ್ಕೆ 8,000ದಿಂದ 10,000 ಫೋಟೋ ತೆಗೆದು ಆಳೆತ್ತರಕ್ಕೆ ಹಿಗ್ಗಿಸಿದ್ದಾರೆ. ಆ ಸಹನೆಗೆ ನಮಸ್ಕಾರ. ಆದರೆ ಅವು ನನಗೆ ಒಡವೆ ಅಂಗಡಿಯ ಗಾಜಿನ ಹಿಂದಿನ ಪ್ರಾಣಿಗಳು. ಒಂದೂ ನನ್ನ ಮೇಲೆ ಜಿಗಿದೀತೆಂಬ ಭಯವಿಲ್ಲ.

ಹಾಗಾಗಿ ಈಗ ನಾನು ಪೂರ್ತಿ ಪೇರಿಸುವುದಿಲ್ಲ. ಕೂದಲಿನಿಂದ ಶುರುಮಾಡಿ ದೊಡ್ಡ ಕಣ್ಣು ದಾಟಿ, ಪಕ್ಕದ ಕಣ್ಣಿನ ಹಿಂದಿನ ಅಂಚು ಬರುತ್ತಿದ್ದ ಹಾಗೆ ನಾಬು ಬಿಡುತ್ತೇನೆ. ಹೊಟ್ಟೆ, ಹಿಂಗಾಲು ಮಂಜಿನಲ್ಲೇ ಇರುತ್ತವೆ. ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಸೂತ್ರವಿಲ್ಲ. ಹತ್ತು ಗೆರೆ ಮುಂಚೆ ನಿಲ್ಲಿಸಿದರೆ ಮುಖ ಮುಖವಾಡವಾಗುತ್ತದೆ, ಹತ್ತು ಗೆರೆ ತಡವಾದರೆ ಮತ್ತೆ ಒಡವೆ ಅಂಗಡಿ. ಹಾರ್ಡ್‌ಡಿಸ್ಕಿನಲ್ಲೂ ಜಾಗ ಮಿಕ್ಕಿತು. ಯಜಮಾನರು ಅದನ್ನು ತಮ್ಮ ಆಕ್ಷೇಪಣೆಯ ಫಲವೆಂದು ತಿಳಿದಿದ್ದಾರೆ, ನಾನು ತಿದ್ದಲು ಹೋಗಿಲ್ಲ.

ಅವರಿಗೂ ಈಗ ಸ್ವಲ್ಪ ಸೋಂಕು ತಗುಲಿದೆ. ಜಪಾನಿನವರ ಕತೆ ಕೇಳಿದ ಮೇಲೆ, ನಮ್ಮ ದೇವರ ಮನೆಯಲ್ಲಿ ಉರಿಯುವ ಕೆಂಪು ಝೀರೋ ಬಲ್ಬಿನಡಿ ನಾವೂ ನೋಡಬಾರದೇಕೆ ಎಂದರು. ಅದು ಅಪ್ಪಟ ಕೆಂಪಲ್ಲ, ಬಣ್ಣ ಬಳಿದ ಬಲ್ಬಿನಿಂದ ಬೇರೆ ಬಣ್ಣಗಳೂ ಸೋರುತ್ತವೆ ಎಂದು ಹೇಳಿದೆ. ನೋಡುವುದರಲ್ಲಿ ಏನು ನಷ್ಟ ಎಂದರು. ಅತ್ತೆ ಮಲಗಿದ ಮೇಲೆ, ಎರಡು ಬೆಂಕಿಪೊಟ್ಟಣಗಳನ್ನು ಎದುರುಬದುರು ನಿಲ್ಲಿಸಿ, ನಡುವೆ ಸ್ಟೀಲ್ ಸ್ಕೇಲು ಇಟ್ಟು, ಒಂದರ ಮೇಲೆ ಕೆಂಪು ಮುಖವಾಡದ ಗಂಡನ್ನು ಬಿಟ್ಟೆವು. ಅದು ಎದುರಿನ ಪೊಟ್ಟಣವನ್ನು ನೋಡಿತು, ಸ್ಕೇಲನ್ನು ನೋಡಿತು, ಬಗ್ಗಿ ಕೂತಿದ್ದ ಇವರನ್ನು ಮೇಲಿಂದ ಕೆಳಗೆ ನೋಡಿತು. ಆಮೇಲೆ ಪೊಟ್ಟಣದಿಂದ ಇಳಿದು, ಸ್ಕೇಲಿನ ಉದ್ದಕ್ಕೂ ನಡೆದು, ಎದುರಿನ ಪೊಟ್ಟಣ ಹತ್ತಿತು. ಇವರು ತಮ್ಮ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ತಾರೀಖು ಹಾಕಿ "ಜಿಗಿತ: ಇಲ್ಲ" ಎಂದು ಬರೆದುಕೊಂಡು, ಹಸಿರು ಬಲ್ಬು ಎಲ್ಲಿ ಸಿಗುತ್ತದೆ ಎಂದು ಕೇಳಿದರು.